50 ಲಕ್ಷ ಕೋಟಿಯ ಲೆಕ್ಕ ಎಲ್ಲಿ ಹೋಯಿತು? ಭಾರತ–ಆಸ್ಟ್ರೇಲಿಯಾ ಅದಿರು ಹೋಲಿಕೆಯ ಒಂದು ಪ್ರಕರಣ

ಭಾರತದ ನೆಲದಲ್ಲಿರುವ ಕಬ್ಬಿಣದ ಅದಿರಿನ ಬೆಲೆ 50 ಲಕ್ಷ ಕೋಟಿ ರೂಪಾಯಿ. ಆಸ್ಟ್ರೇಲಿಯಾದ್ದು 530 ಲಕ್ಷ ಕೋಟಿ. ಇಬ್ಬರು ಎಂ.ಎ. ಅರ್ಥಶಾಸ್ತ್ರ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತಂದ ಸಂಖ್ಯೆಗಳಿವು. ಕೊನೆಗೆ ಒಪ್ಪಿಸಿದ ವರದಿಯಲ್ಲಿ ಎರಡೂ ಇರಲಿಲ್ಲ. ನಡುವೆ ಏನಾಯಿತು ಅನ್ನುವುದನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ನಾನು ಆ ಪ್ರಾಜೆಕ್ಟಿನ ಮಾರ್ಗದರ್ಶಕನಾಗಿದ್ದೆ. ಹೆಸರು, ಊರು, ಕಾಲೇಜು ಬಿಟ್ಟಿದ್ದೇನೆ. ಒಬ್ಬಳು ಸಂಡೂರಿನ ಕಡೆಯ ಗಣಿ ಸೀಮೆಯವಳು, ಇನ್ನೊಬ್ಬ ಕುದುರೆಮುಖದ ಕಡೆಯ ಮಲೆನಾಡಿನವನು. ಇಷ್ಟನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಯಾಕೆಂದರೆ ಇಬ್ಬರ ಊರೂ ಈ ಲೆಕ್ಕದೊಳಗೆ ಬರುತ್ತದೆ.

ಇಂಥ ಸಂಖ್ಯೆಗಳು ಕಾಲೇಜಿನ ಗೋಡೆಯೊಳಗೆ ಉಳಿಯುವುದಿಲ್ಲ. "ನಮ್ಮ ಗುಡ್ಡದಲ್ಲಿ ಇಷ್ಟು ಲಕ್ಷ ಕೋಟಿ ಇದೆ" ಅನ್ನುವ ಮಾತು ಬಳ್ಳಾರಿ ಭಾಗದಲ್ಲಿ ವೇದಿಕೆ ಮೇಲೂ ಕೇಳುತ್ತದೆ, ಚಹಾ ಅಂಗಡಿಯಲ್ಲೂ ಕೇಳುತ್ತದೆ. ಆ ಮಾತು ನಂಬಿ ಜನ ಲಾರಿ ಕೊಂಡಿದ್ದಾರೆ, ಹೊಲ ಮಾರಿದ್ದಾರೆ. ಹಾಗಾಗಿ ಲೆಕ್ಕ ಸರಿಯಾಗಿರಬೇಕು ಅನ್ನುವುದು ನನಗೆ ಬರೀ ಅಂಕದ ಪ್ರಶ್ನೆಯಾಗಿರಲಿಲ್ಲ.

ಮೊದಲ ಲೆಕ್ಕ

ಅವರು ಮಾಡಿದ್ದು ಸರಳ. ಅಮೆರಿಕದ ಭೂವಿಜ್ಞಾನ ಸರ್ವೆ ಸಂಸ್ಥೆ ಪ್ರತಿ ವರ್ಷ ಖನಿಜಗಳ ಪಟ್ಟಿ ಹೊರತರುತ್ತದೆ. 2024ರ ಪಟ್ಟಿಯಲ್ಲಿ ಆಸ್ಟ್ರೇಲಿಯಾದ ಅದಿರು ರಿಸರ್ವ್ (ಲಾಭಕ್ಕೆ ತೆಗೆಯಬಹುದು ಎಂದು ಗುರುತಿಸಿದ ಅದಿರು) 5,800 ಕೋಟಿ ಟನ್, ಭಾರತದ್ದು 550 ಕೋಟಿ ಟನ್. ಆ ಹೊತ್ತಿಗೆ ಚೀನಾ ಬಂದರಿನಲ್ಲಿ ಶೇ. 62ರಷ್ಟು ಕಬ್ಬಿಣವಿರುವ ಅದಿರಿಗೆ ಟನ್ನಿಗೆ ಸುಮಾರು 110 ಡಾಲರ್ ದರ ಇತ್ತು. ಟನ್ನನ್ನು ದರದಿಂದ ಗುಣಿಸಿದರು, ಡಾಲರಿಗೆ 83 ರೂಪಾಯಿ ಹಿಡಿದರು. ಆಸ್ಟ್ರೇಲಿಯಾ ನಮಗಿಂತ ಹತ್ತೂವರೆ ಪಟ್ಟು ಶ್ರೀಮಂತ ಎಂದು ಬಂತು.

ಗುಣಾಕಾರದಲ್ಲಿ ತಪ್ಪಿರಲಿಲ್ಲ. ನಾನು ಅದನ್ನು ತಳ್ಳಿಹಾಕಲಿಲ್ಲ. ಒಂದೇ ಒಂದು ಕೆಲಸ ಹೇಳಿದೆ: ಅದೇ ಟನ್ನುಗಳಿಗೆ ಬೇರೆ ವರ್ಷಗಳ ದರ ಹಾಕಿ ನೋಡಿ.

2015ರ ಡಿಸೆಂಬರಿನಲ್ಲಿ ಅದೇ ದರ 40 ಡಾಲರಿಗಿಂತ ಕೆಳಗೆ ಇಳಿದಿತ್ತು. 2021ರ ಮೇ ತಿಂಗಳಲ್ಲಿ 230 ದಾಟಿತ್ತು. ಡಾಲರಿಗೆ ಅದೇ 83 ರೂಪಾಯಿ ಹಿಡಿದು ಲೆಕ್ಕ ಹಾಕಿದರೂ ಭಾರತದ ಸಂಪತ್ತು ಒಮ್ಮೆ 18 ಲಕ್ಷ ಕೋಟಿ, ಇನ್ನೊಮ್ಮೆ 105 ಲಕ್ಷ ಕೋಟಿ. ನೆಲದಲ್ಲಿರುವ ಅದಿರು ಅಷ್ಟೇ ಇದೆ. 2021ರ ನವೆಂಬರ್ ಹೊತ್ತಿಗೆ ದರ ಮತ್ತೆ 90ರ ಕೆಳಗೆ ಬಂತು. ಆರು ತಿಂಗಳಲ್ಲಿ ದೇಶದ ಸಂಪತ್ತು ಅರ್ಧಕ್ಕಿಂತ ಜಾಸ್ತಿ ಕರಗಿಹೋಯಿತು ಅಂದರೆ ಯಾರಾದರೂ ಒಪ್ಪುತ್ತಾರಾ?

ಇಬ್ಬರೂ ಸುಮ್ಮನಾದರು. ಆಮೇಲೆ ಹುಡುಗ ಒಂದು ಒಳ್ಳೆಯ ಮಾತು ಹೇಳಿದ: "ಸರ್, ದರ ಎಷ್ಟೇ ಆಗಲಿ, ಎರಡೂ ದೇಶಕ್ಕೆ ಒಂದೇ ಅಲ್ವಾ? ಹತ್ತೂವರೆ ಪಟ್ಟು ಅನ್ನೋದು ಹಾಗೇ ನಿಲ್ಲತ್ತೆ." ಮೊತ್ತವನ್ನು ಬಿಟ್ಟು ಅನುಪಾತವನ್ನು ಹಿಡಿಯೋಣ ಎಂದು ಅಲ್ಲಿ ತೀರ್ಮಾನವಾಯಿತು. ಅದು ಮೊದಲ ತಿರುವು. ಮುಂದಿನ ಕೆಲಸವೆಲ್ಲ ಆ ಹತ್ತೂವರೆ ನಿಲ್ಲುತ್ತದೋ ಇಲ್ಲವೋ ಎಂದು ನೋಡುವುದೇ ಆಯಿತು.

ಟನ್ನಿನೊಳಗೆ ಎಷ್ಟು ಕಬ್ಬಿಣ?

ಅದೇ ಪಟ್ಟಿಯಲ್ಲಿ ಪಕ್ಕದ ಕಾಲಂ ಒಂದಿದೆ: ಅದಿರಿನೊಳಗಿನ ಕಬ್ಬಿಣ. ಆಸ್ಟ್ರೇಲಿಯಾಕ್ಕೆ 2,700 ಕೋಟಿ ಟನ್, ಭಾರತಕ್ಕೆ 340 ಕೋಟಿ ಟನ್. ಭಾಗಿಸಿದರೆ ಆಸ್ಟ್ರೇಲಿಯಾದ ಸರಾಸರಿ ಗ್ರೇಡ್, ಅಂದರೆ ಅದಿರಿನಲ್ಲಿ ಕಬ್ಬಿಣದ ಪಾಲು, ಶೇ. 47, ಭಾರತದ್ದು ಶೇ. 62. ಅನುಪಾತ ಹತ್ತೂವರೆಯಿಂದ ಎಂಟಕ್ಕೆ ಇಳಿಯಿತು.

ಹುಡುಗಿಗೆ ಖುಷಿಯಾಯಿತು. ನಮ್ಮ ಅದಿರೇ ಉತ್ತಮ ಎಂದು ಒಂದು ಪುಟ ಬರೆದೂ ಬಿಟ್ಟಳು. ಆದರೆ ಒಂದು ಅನುಮಾನ ಉಳಿಯಿತು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದಿಂದ ಹಡಗು ಹತ್ತುವ ಅದಿರು ಶೇ. 57ರಿಂದ 62ರ ಆಸುಪಾಸಿನದು. ಹಾಗಿದ್ದರೆ 47 ಎಲ್ಲಿಂದ ಬಂತು?

ಹುಡುಕಿದಾಗ ಸಿಕ್ಕ ಉತ್ತರ ಇದು. ಆಸ್ಟ್ರೇಲಿಯಾದ 5,800 ಕೋಟಿಯಲ್ಲಿ ಮ್ಯಾಗ್ನಟೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಅದಿರು ದೊಡ್ಡ ಪಾಲು. ಅದರ ಬಹುಭಾಗದಲ್ಲಿ ಕಬ್ಬಿಣ ಕಡಿಮೆ. ಕಡಿಮೆ ಇದ್ದರೂ ಅದನ್ನು ಅರೆದು, ಅಯಸ್ಕಾಂತದಿಂದ ಬೇರ್ಪಡಿಸಿ, ಶೇ. 65ಕ್ಕಿಂತ ಹೆಚ್ಚಿನ ಗ್ರೇಡಿನ ಸಾಂದ್ರೀಕೃತ ಅದಿರು ಮಾಡಿ ಮಾರಬಹುದು. ಪಿಲ್ಬರಾದ ಕೇಪ್ ಪ್ರೆಸ್ಟನ್‌ನಲ್ಲಿ ಮಾಡುವುದು ಅದನ್ನೇ. ಅಂದರೆ ಆಸ್ಟ್ರೇಲಿಯಾ ತನ್ನ ಬಡ ಅದಿರನ್ನೂ ಎಣಿಕೆಯಲ್ಲಿ ಸೇರಿಸಿದೆ. ಭಾರತದ 550 ಕೋಟಿಯಲ್ಲಿ ಮ್ಯಾಗ್ನಟೈಟ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮ ಸರಾಸರಿ ಚೆನ್ನಾಗಿ ಕಾಣುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನೂ ಒಂದು ಸಂಗತಿ ಗ್ರೇಡಿನೊಳಗೆ ಕಾಣುವುದಿಲ್ಲ. ನಮ್ಮ ಹೆಮಟೈಟ್ ಎಂಬ ಕೆಂಪು ಅದಿರಿನಲ್ಲಿ ಅಲ್ಯುಮಿನಾ ಎಂಬ ಕಲ್ಮಶ ಜಾಸ್ತಿ. ಊದುಕುಲುಮೆಯಲ್ಲಿ ಅಲ್ಯುಮಿನಾ ಹೆಚ್ಚಾದರೆ ಕಿಟ್ಟ, ಅಂದರೆ ಕರಗಿದ ಕಸ, ಮಂದವಾಗುತ್ತದೆ, ಕೋಕ್ ಎಂಬ ಕಲ್ಲಿದ್ದಲಿನ ಇಂಧನ ಹೆಚ್ಚು ಬೇಕಾಗುತ್ತದೆ. ಕೊಳ್ಳುವವನು ಅದಕ್ಕೆ ದರ ಮುರಿಯುತ್ತಾನೆ. ಕಬ್ಬಿಣದ ಅಂಶ ಒಂದೇ ಆದರೂ ಎರಡು ಟನ್ ಅದಿರಿಗೆ ಒಂದೇ ಬೆಲೆ ಸಿಗಬೇಕು ಅಂತೇನಿಲ್ಲ. ಹುಡುಗಿ ಆ ಪುಟವನ್ನು ತಾನೇ ತೆಗೆದಳು.

ಯಾವ ಅದಿರನ್ನು ಎಣಿಸಬೇಕು?

ಇದು ಪ್ರಕರಣದ ನಡುಗಂಬ. ಇಲ್ಲೇ ಜಗಳವೂ ಆಯಿತು.

ಭಾರತೀಯ ಗಣಿ ಬ್ಯೂರೋದ ರಾಷ್ಟ್ರೀಯ ಖನಿಜ ದಾಸ್ತಾನು ಪಟ್ಟಿಯನ್ನು ಹುಡುಗಿ ತಂದಳು. 1-4-2015ರ ಲೆಕ್ಕದಂತೆ ದೇಶದಲ್ಲಿ ಹೆಮಟೈಟ್ ಸುಮಾರು 2,249 ಕೋಟಿ ಟನ್, ಮ್ಯಾಗ್ನಟೈಟ್ ಸುಮಾರು 1,079 ಕೋಟಿ ಟನ್. ಒಟ್ಟು 3,328 ಕೋಟಿ ಟನ್. "ಅಮೆರಿಕದವರು ನಮ್ಮದನ್ನ ಬರೀ 550 ಕೋಟಿ ಅಂತಾರೆ ಸರ್. ಆರು ಪಟ್ಟು ಕಡಿಮೆ ಹೇಳಿದಾರೆ" ಎಂದು ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಆ ಸಂಖ್ಯೆ ಹಾಕಿದರೆ ಆಸ್ಟ್ರೇಲಿಯಾ ನಮಗಿಂತ ಎರಡು ಪಟ್ಟೂ ಇಲ್ಲ.

ಹುಡುಗ ಅದೇ ಪಟ್ಟಿಯನ್ನು ಇನ್ನೊಂದು ಕಡೆಯಿಂದ ಓದಿದ. 2,249 ಕೋಟಿಯಲ್ಲಿ ರಿಸರ್ವ್ ಎಂದು ಗುರುತಿಸಿರುವುದು 542 ಕೋಟಿ ಮಾತ್ರ. ಮ್ಯಾಗ್ನಟೈಟಿನಲ್ಲಿ ರಿಸರ್ವ್ ಬರೀ 5 ಕೋಟಿ ಚಿಲ್ಲರೆ. ಎರಡೂ ಸೇರಿದರೆ 547 ಕೋಟಿ. ಅಮೆರಿಕದವರ 550 ಇದೇ. ಯಾರೂ ಕಡಿಮೆ ಹೇಳಿರಲಿಲ್ಲ. ಉಳಿದದ್ದೆಲ್ಲ ರಿಸೋರ್ಸ್: ಇದೆ ಅಂತ ಗೊತ್ತು, ಆದರೆ ಪೂರ್ತಿ ಕೊರೆದು ನೋಡಿಲ್ಲ, ಅಥವಾ ತೆಗೆದರೆ ಲಾಭವಿಲ್ಲ, ಅಥವಾ ತೆಗೆಯಲು ಅನುಮತಿಯೇ ಇಲ್ಲ.

ಈ ಕೊನೆಯದು ಅವನ ಊರಿನ ವಿಷಯ. ದೇಶದ ಮ್ಯಾಗ್ನಟೈಟಿನಲ್ಲಿ ಸುಮಾರು 780 ಕೋಟಿ ಟನ್, ಅಂದರೆ ಶೇ. 72ರಷ್ಟು, ಕರ್ನಾಟಕದಲ್ಲಿದೆ. ಅದರಲ್ಲಿ ಬಹುಪಾಲು ಪಶ್ಚಿಮ ಘಟ್ಟದ ಕಾಡಿನ ಕೆಳಗೆ. ಕುದುರೆಮುಖದ ಅದಿರು ಕಂಪನಿ 1976ರಲ್ಲಿ ಶುರುವಾಯಿತು. ಅದಿರನ್ನು ಅರೆದು ನೀರಿನ ಜೊತೆ ಬೆರೆಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಆ ಪ್ರದೇಶ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಅದಿರು ಮುಗಿದು ನಿಂತದ್ದಲ್ಲ.

ಹುಡುಗಿಯ ವಾದ: ಇದ್ದದ್ದು ಇದೆ, ಕಾನೂನು ನಾಳೆ ಬದಲಾಗಬಹುದು, ಸಂಪತ್ತಿನ ಪಟ್ಟಿಯಲ್ಲಿ ಇರಲಿ. ಹುಡುಗನ ವಾದ: ತೆಗೆಯಬಾರದು ಅಂತ ದೇಶವೇ ತೀರ್ಮಾನ ಮಾಡಿದ ಮೇಲೆ ಅದಿರಿನ ಬೆಲೆ ಸೊನ್ನೆ. ಬೆಲೆ ಇರುವುದು ಮೇಲಿನ ಕಾಡಿಗೆ, ಅಲ್ಲಿ ಹುಟ್ಟುವ ತುಂಗೆ, ಭದ್ರೆಗೆ. ಅದಿರನ್ನೂ ಎಣಿಸಿ ಕಾಡನ್ನೂ ಎಣಿಸಿದರೆ ಒಂದೇ ಗುಡ್ಡವನ್ನು ಎರಡು ಸಲ ಮಾರಿದಂತಾಗುತ್ತದೆ.

ನನ್ನ ಮನಸ್ಸು ಹುಡುಗನ ಕಡೆಗಿತ್ತು, ಈಗಲೂ ಇದೆ. ಆದರೆ ತೀರ್ಪು ಕೊಡಲಿಲ್ಲ. ಬದಲಿಗೆ ಒಂದು ಶರತ್ತು ಹಾಕಿದೆ: ಭಾರತಕ್ಕೆ ಯಾವ ಅಳತೆ ಹಿಡಿಯುತ್ತೀರೋ ಆಸ್ಟ್ರೇಲಿಯಾಕ್ಕೂ ಅದನ್ನೇ ಹಿಡಿಯಿರಿ. ಅವರ 5,800 ಕೋಟಿಯ ಹೊರಗೂ ಇನ್ನೂ ಖಚಿತವಾಗದ ದೊಡ್ಡ ರಾಶಿ ಇದೆ. ಭಾರತದ ರಿಸೋರ್ಸನ್ನು ಅವರ ರಿಸರ್ವ್ ಜೊತೆ ನಿಲ್ಲಿಸುವುದು ಹೋಲಿಕೆಯೇ ಅಲ್ಲ.

ಆ ಶರತ್ತು ನಾನು ನಿರೀಕ್ಷಿಸಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಆಸ್ಟ್ರೇಲಿಯಾದ ಸಂಖ್ಯೆಯ ಅಡಿಟಿಪ್ಪಣಿ ಓದಿದಾಗ ಇನ್ನೊಂದು ವಿಷಯ ಹೊರಬಿತ್ತು. ಆ 5,800 ಕೋಟಿ ಕೂಡ ಸಡಿಲವಾದ ಅಳತೆ. ಅಲ್ಲಿನ ಕಂಪನಿಗಳು ಷೇರುಪೇಟೆಗೆ ಬಳಸುವ ಜೆಒಆರ್‌ಸಿ ನಿಯಮದ ಬಿಗಿಯಾದ ಲೆಕ್ಕದಲ್ಲಿ ರಿಸರ್ವ್ ಅದರ ಸುಮಾರು ಅರ್ಧ. ನಮ್ಮ 547 ಕೋಟಿ ವಿಶ್ವಸಂಸ್ಥೆಯ ವರ್ಗೀಕರಣದ ಬಿಗಿ ಲೆಕ್ಕ. ಬಿಗಿಗೆ ಬಿಗಿ ಇಟ್ಟರೆ ಕಚ್ಚಾ ಟನ್ನುಗಳಲ್ಲೂ ಅನುಪಾತ ಐದರ ಹತ್ತಿರ.

ರಿಸರ್ವ್ ಅನ್ನುವುದೂ ಕಲ್ಲಿನಲ್ಲಿ ಕೆತ್ತಿದ ಸಂಖ್ಯೆಯಲ್ಲ. ಭಾರತದಲ್ಲಿ ಹಿಂದೆ ಶೇ. 55ಕ್ಕಿಂತ ಕಡಿಮೆ ಕಬ್ಬಿಣವಿದ್ದ ಹೆಮಟೈಟನ್ನು ಅದಿರು ಎಂದೇ ಎಣಿಸುತ್ತಿರಲಿಲ್ಲ. ಆಮೇಲೆ ಆ ಗಡಿಯನ್ನು 45ಕ್ಕೆ ಇಳಿಸಿದರು. ಹೊಸ ಗುಡ್ಡ ಸಿಗದೆಯೂ ಪಟ್ಟಿ ಉದ್ದವಾಗಬಹುದು.

ಕೊನೆಗೆ ಒಪ್ಪಂದವಾದದ್ದು ಹೀಗೆ: ಮುಖ್ಯ ಲೆಕ್ಕ ರಿಸರ್ವ್ ಮೇಲೆ. ರಿಸೋರ್ಸ್ ಬೇರೆ ಕೋಷ್ಟಕದಲ್ಲಿ, ಬೆಲೆ ಹಾಕದೆ. ಘಟ್ಟದ ಮ್ಯಾಗ್ನಟೈಟಿಗೆ ಒಂದು ಪ್ರತ್ಯೇಕ ಸಾಲು, ಬೆಲೆಯ ಜಾಗದಲ್ಲಿ "ಗಣಿಗಾರಿಕೆಗೆ ಅವಕಾಶವಿಲ್ಲ" ಎಂಬ ಮಾತು.

ಲಾರಿ ಮಾಲೀಕರ ಪ್ರಶ್ನೆ

ದರದ ವಿಷಯದಲ್ಲಿ ದಾರಿ ತೋರಿದ್ದು ಹುಡುಗಿಯ ಅಪ್ಪ. ಅದಿರಿನ ಅಬ್ಬರದ ದಿನಗಳಲ್ಲಿ ಅವರಿಗೆ ಲಾರಿಗಳಿದ್ದವು. 110 ಡಾಲರ್ ಎಂದು ಮಗಳು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ರೇಟಮ್ಮ ಅದು?" ಆಮೇಲೆ ಹೇಳಿದರಂತೆ: "ಹೊಲದಾಗಿನ ಭತ್ತಕ್ಕೆ ಅಂಗಡಿ ಅಕ್ಕಿ ರೇಟು ಹಾಕ್ತಾರೇನಮ್ಮ? ಲೋಡಿಂಗ್, ಬಾಡಿಗೆ, ಪ್ಲಾಟು, ಬಂದರು, ಹಡಗು, ಎಲ್ಲ ತೆಗೆದು ಗುಡ್ಡದ ಬುಡದಾಗ ಎಷ್ಟು ಉಳಿತತಿ ನೋಡು."

ಅವರು ಇನ್ನೊಂದು ವಿಷಯವನ್ನೂ ಹೇಳಿದರು. ಮೊದಲೆಲ್ಲ ಫೈನ್ಸ್ ಅಂದರೆ ಗಣಿಯ ಪಕ್ಕದಲ್ಲಿ ಸುರಿಯುವ ಪುಡಿ. ಗಟ್ಟಿ ತುಂಡುಗಳಾದ ಲಂಪ್‌ಗೆ ಮಾತ್ರ ಗಿರಾಕಿ ಇತ್ತು. 2003ರ ನಂತರ ಚೀನಾ ಕೊಳ್ಳಲು ಶುರುಮಾಡಿದ ಮೇಲೆ ಅದೇ ಡಂಪ್‌ಗಳನ್ನು ಮತ್ತೆ ಕೆದಕಿ ಲಾರಿಗೆ ತುಂಬಿದರು. ಕಸ ಎಂದು ಬಿಟ್ಟಿದ್ದಕ್ಕೆ ಒಂದೆರಡು ವರ್ಷದಲ್ಲಿ ಬೆಲೆ ಬಂತು. ಯಾವ ದಾಸ್ತಾನು ಪಟ್ಟಿಯಲ್ಲೂ ಇರದ ಪಾಠ ಇದು.

ಈ ಪ್ರಶ್ನೆ ಹಿಡಿದು ಇಬ್ಬರೂ ದರವನ್ನು ಬಿಚ್ಚಿದರು. 110 ಡಾಲರ್ ಅನ್ನುವುದು ಹಡಗಿನ ಬಾಡಿಗೆಯೂ ಸೇರಿದ ದರ, ಅದೂ ತೇವ ಕಳೆದ ಒಣ ಟನ್ನಿಗೆ. ಪಿಲ್ಬರಾದ ದೊಡ್ಡ ಕಂಪನಿಗಳಿಗೆ ಅಗೆದು, ತಮ್ಮದೇ ರೈಲಿನಲ್ಲಿ ಪೋರ್ಟ್ ಹೆಡ್‌ಲ್ಯಾಂಡಿನಂಥ ಬಂದರಿಗೆ ತಂದು ಹಡಗಿಗೆ ತುಂಬಲು ಟನ್ನಿಗೆ 20 ಡಾಲರ್ ಆಸುಪಾಸು ಖರ್ಚು. ಅಲ್ಲಿಂದ ಚೀನಾಕ್ಕೆ ಸುಮಾರು 10 ಡಾಲರ್ ಬಾಡಿಗೆ. ಹಾಕಿದ ಬಂಡವಾಳಕ್ಕೂ ಒಂದು ಪಾಲು ಕಳೆಯಬೇಕು. ಇಷ್ಟು ಕಳೆದರೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ನೆಲದೊಳಗಿನ ಅದಿರಿನ ಬೆಲೆ ಎಂದರೆ ಈ ಉಳಿಕೆ. ಅರ್ಥಶಾಸ್ತ್ರದಲ್ಲಿ ಇದನ್ನು ಸಂಪನ್ಮೂಲದ ಗೇಣಿ ಎನ್ನುತ್ತೇವೆ.

ಬಳ್ಳಾರಿಗೆ ಈ ದಾರಿಯಲ್ಲಿ ಹೋಗಲು ಆಗಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. 2013ರಲ್ಲಿ ಮಿತಿ ಹಾಕಿ ಮತ್ತೆ ಬಿಟ್ಟರು, ಆದರೆ ಮಾರಾಟ ಇ-ಹರಾಜಿನಲ್ಲಿ, ದೇಶದೊಳಗೆ ಮಾತ್ರ. ರಫ್ತಿಗೆ ಕೋರ್ಟ್ ಒಪ್ಪಿದ್ದು 2022ರ ಮೇ ತಿಂಗಳಲ್ಲಿ. ಅದೇ ತಿಂಗಳು ಕೇಂದ್ರ ಸರ್ಕಾರ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು, ನವೆಂಬರಿನಲ್ಲಿ ಹಿಂದಕ್ಕೆ ತಂದಿತು. ಶೇ. 58ರ ಮೇಲಿನ ಅದಿರಿಗೆ 30ರ ಸುಂಕ ಉಳಿಯಿತು. ಅಂದರೆ ಹನ್ನೆರಡು ವರ್ಷ ಸಂಡೂರಿನ ಅದಿರಿಗೂ ಚೀನಾ ಬಂದರಿನ ದರಕ್ಕೂ ನೇರ ಸಂಬಂಧವೇ ಇರಲಿಲ್ಲ.

ಹಾಗಾದರೆ ಇಲ್ಲಿನ ಗಣಿಬಾಗಿಲಿನ ದರ ಹಿಡಿಯಬೇಕಾ? ಹುಡುಗಿ ಮೊದಲು ಹೌದೆಂದಳು. ಗಣಿ ಬ್ಯೂರೋ ತಿಂಗಳು ತಿಂಗಳು ಸರಾಸರಿ ಮಾರಾಟ ದರ ಪ್ರಕಟಿಸುತ್ತದೆ. ರಾಯಲ್ಟಿ ಶೇ. 15 ಲೆಕ್ಕ ಹಾಕುವುದೂ ಅದರ ಮೇಲೆ. ಆದರೆ 2020ರ ಒಡಿಶಾ ಹರಾಜಿನ ವಿವರ ನೋಡಿದಾಗ ಅವಳಿಗೇ ಸಂಶಯ ಬಂತು. ಅಲ್ಲಿ ಕೆಲವು ಕಂಪನಿಗಳು ಆ ಸರಾಸರಿ ದರದ ಶೇ. 100ಕ್ಕಿಂತ ಹೆಚ್ಚು ಪಾಲನ್ನು ಸರ್ಕಾರಕ್ಕೆ ಕೊಡುತ್ತೇವೆ ಎಂದು ಬಿಡ್ ಮಾಡಿದ್ದವು. ನೂರು ರೂಪಾಯಿ ದರದ ಅದಿರಿಗೆ ನೂರಕ್ಕಿಂತ ಜಾಸ್ತಿ ಸರ್ಕಾರಕ್ಕೇ ಕೊಟ್ಟು ಅಗೆಯಲು ಒಪ್ಪುತ್ತಾನೆ ಅಂದರೆ ಅವನಿಗೆ ಆ ಅದಿರು ಪ್ರಕಟಿತ ದರಕ್ಕಿಂತ ಬೆಲೆಬಾಳುತ್ತದೆ ಎಂದೇ ಅರ್ಥ. ತನ್ನ ಉಕ್ಕಿನ ಕಾರ್ಖಾನೆ ನಿಲ್ಲಬಾರದು ಅನ್ನುವವನಿಗೆ ಅದಿರು ಇನ್ನೊಂದೇ ವಸ್ತು. ಆಮೇಲೆ ಕೆಲವು ಗಣಿಗಳನ್ನು ಪಡೆದವರೇ ವಾಪಸ್ ಕೊಟ್ಟಿದ್ದೂ ಉಂಟು, ಆ ಮಾತು ಬೇರೆ.

ಹೀಗೆ ನೋಡಿದಾಗ ಭಾರತದಲ್ಲಿ ಗೇಣಿ ಕಾಣೆಯಾಗಿಲ್ಲ, ಜಾಗ ಬದಲಿಸಿದೆ ಅನ್ನುವುದು ಗೊತ್ತಾಯಿತು. ದೇಶದೊಳಗೆ ಅದಿರು ಅಗ್ಗವಾದರೆ ಉಳಿಕೆಯ ಒಂದು ಪಾಲು ಉಕ್ಕು ಮಾಡುವವನ ಲಾಭದಲ್ಲಿ ಸೇರಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಅದು ಗಣಿ ಕಂಪನಿಯ ಲಾಭದಲ್ಲಿ, ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಶೇ. 7.5 ರಾಯಲ್ಟಿಯಲ್ಲಿ ನೇರವಾಗಿ ಕಾಣುತ್ತದೆ. ಎರಡೂ ಕಡೆ ಒಂದೇ ಗೇಣಿ ಹಿಡಿಯುವುದು ಪೂರ್ತಿ ಸರಿಯಲ್ಲ. ಹಾಗಂತ ಬೇರೆ ಬೇರೆ ಹಿಡಿಯಲು ಬೇಕಾದ ಮಾಹಿತಿ ವಿದ್ಯಾರ್ಥಿಗಳ ಕೈಯಲ್ಲಿರಲಿಲ್ಲ. ಒಂದೇ ಗೇಣಿ ಹಿಡಿದು, ಹಾಗೆ ಹಿಡಿದಿದ್ದೇವೆ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದರು.

ಎಷ್ಟು ವರ್ಷ?

ಅಮೆರಿಕದ ಪಟ್ಟಿಯ ಪ್ರಕಾರ 2023ರಲ್ಲಿ ಆಸ್ಟ್ರೇಲಿಯಾ ತೆಗೆದದ್ದು 96 ಕೋಟಿ ಟನ್, ಭಾರತ 27 ಕೋಟಿ ಟನ್. ಹುಡುಗ 5,800ನ್ನು 96ರಿಂದ ಭಾಗಿಸಿ 60 ವರ್ಷ ಎಂದ. ಆದರೆ 5,800 ಕಚ್ಚಾ ಅದಿರು, 96 ಮಾರಲು ಸಿದ್ಧವಾದ ಅದಿರು. ಹಲವು ಟನ್ ಕಚ್ಚಾ ಮ್ಯಾಗ್ನಟೈಟ್ ಅರೆದರೆ ಒಂದು ಟನ್ ಸರಕು ಸಿಗುವುದು. ಕಬ್ಬಿಣದ ಅಂಶದಲ್ಲೇ ಭಾಗಿಸಬೇಕು: ಆ ವರ್ಷ ತೆಗೆದ ಅದಿರಿನಲ್ಲಿದ್ದ ಕಬ್ಬಿಣ ಆಸ್ಟ್ರೇಲಿಯಾದಲ್ಲಿ 59 ಕೋಟಿ ಟನ್, ಭಾರತದಲ್ಲಿ 17, ಹಾಗಾಗಿ 2,700ಕ್ಕೆ 59, 340ಕ್ಕೆ 17. ಆಸ್ಟ್ರೇಲಿಯಾಕ್ಕೆ 46 ವರ್ಷ, ಭಾರತಕ್ಕೆ 20.

ನಲವತ್ತಾರನೇ ವರ್ಷ ಮಾರುವ ಟನ್ನಿಗೆ ಇವತ್ತು ಪೂರ್ತಿ ಬೆಲೆ ಕೊಡಲಾಗುವುದಿಲ್ಲ. ದೇಶಗಳ ಸಂಪತ್ತು ಅಳೆಯುವಾಗ ವಿಶ್ವಬ್ಯಾಂಕ್ ಮುಂದಿನ ಗೇಣಿಯನ್ನು ವರ್ಷಕ್ಕೆ ಶೇ. 4ರಂತೆ ಕಡಿತ ಮಾಡಿ ಇವತ್ತಿನ ಬೆಲೆಗೆ ತರುತ್ತದೆ. ಆ ದರದಲ್ಲಿ 20 ವರ್ಷದ ನಂತರ ಬರುವ 100 ರೂಪಾಯಿ ಇವತ್ತಿನ 46ಕ್ಕೆ ಸಮ, 46 ವರ್ಷದ ನಂತರದ್ದು 16ಕ್ಕೆ ಸಮ. ಲೆಕ್ಕ ಹಾಕಿದಾಗ ಆಸ್ಟ್ರೇಲಿಯಾದ 2,700 ಕೋಟಿ ಟನ್ ಕಬ್ಬಿಣ ಇವತ್ತಿನ 1,230 ಕೋಟಿ ಟನ್ನಿನಷ್ಟು ಬಾಳುತ್ತದೆ. ಭಾರತದ 340 ಕೋಟಿ 230ರಷ್ಟು. ಅನುಪಾತ ಐದೂಕಾಲರ ಸುತ್ತ. ಖಾಸಗಿ ಕಂಪನಿ ಹಿಡಿಯಬಹುದಾದ ಶೇ. 10 ಹಾಕಿದರೆ ನಾಲ್ಕಕ್ಕೆ ಬರುತ್ತದೆ.

ಹತ್ತೂವರೆ, ಎಂಟು, ಐದು, ನಾಲ್ಕು. ಅದೇ ಎರಡು ದೇಶ, ಅದೇ ಅದಿರು.

ಆದರೆ ಈ ಪದ್ಧತಿಯಲ್ಲಿ ಒಂದು ತೊಡಕಿದೆ, ಅದನ್ನು ಹಿಡಿದದ್ದು ಹುಡುಗಿ. ಕಡಿತದ ಲೆಕ್ಕದಲ್ಲಿ ಬೇಗ ತೆಗೆದವನೇ ಶ್ರೀಮಂತ. ಸುಪ್ರೀಂ ಕೋರ್ಟ್ 2013ರಲ್ಲಿ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರಿಗೆ 50 ಲಕ್ಷ ಟನ್ ಮಿತಿ ಹಾಕಿತು. 2022ರಲ್ಲಿ ಅದು 3.5 ಕೋಟಿ ಮತ್ತು 1.5 ಕೋಟಿಗೆ ಏರಿತು. ಕೋಷ್ಟಕದ ಪ್ರಕಾರ ಮಿತಿ ಹಾಕಿದ ದಿನ ಸಂಪತ್ತು ಇಳಿಯಬೇಕು, ಏರಿಸಿದ ದಿನ ಬೆಳೆಯಬೇಕು. "ಹಂಗಾದ್ರೆ ಮಿತಿ ಇಲ್ಲದ ಕಾಲದಾಗ ನಮ್ಮೂರು ಭಾಳ ಶ್ರೀಮಂತ ಇತ್ತಾ ಸರ್?" ಎಂದು ಕೇಳಿದಳು. ಕೆಂಪು ಧೂಳು ಮೆತ್ತಿದ ಹೊಲ, ಕೆಟ್ಟುಹೋದ ರಸ್ತೆ ನೋಡಿ ಬೆಳೆದವಳ ಪ್ರಶ್ನೆ ಅದು.

ಉತ್ತರ ಲೆಕ್ಕದ ಹೊರಗಿತ್ತು, ಹಾಗಾಗಿ ಅದನ್ನು ಲೆಕ್ಕದೊಳಗೆ ತರಬೇಕಾಯಿತು. ಹಾಳಾದದ್ದನ್ನು ಸರಿಮಾಡುವ ಖರ್ಚನ್ನೂ ಕಳೆಯಬೇಕು. ಕರ್ನಾಟಕದ ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಕೋರ್ಟಿನ ನಿಗಾದಲ್ಲಿ ಸಾವಿರಾರು ಕೋಟಿ ರೂಪಾಯಿ ಎತ್ತಿಟ್ಟಿದ್ದಾರೆ. ಆ ಹಣ ಗುಡ್ಡದಿಂದ ಬಂದ ಸಂಪತ್ತಿನಿಂದ ಕಳೆಯಬೇಕಾದ್ದು. ಆಸ್ಟ್ರೇಲಿಯಾದಲ್ಲಿ ಕಳೆಯಲೂ ಆಗದ ನಷ್ಟವೊಂದಿದೆ. 2020ರ ಮೇ ತಿಂಗಳಲ್ಲಿ ಪಿಲ್ಬರಾದ ಜೂಕಾನ್ ಕಣಿವೆಯಲ್ಲಿ ರಿಯೊ ಟಿಂಟೊ ಕಂಪನಿ ಗಣಿ ವಿಸ್ತರಣೆಗಾಗಿ ಗುಹೆಯಂಥ ಕಲ್ಲಾಸರೆಗಳನ್ನು ಸ್ಫೋಟಿಸಿತು. ಅಲ್ಲಿ 46,000 ವರ್ಷಗಳಷ್ಟು ಹಿಂದಿನಿಂದ ಮನುಷ್ಯರಿದ್ದ ಕುರುಹು ಇತ್ತು. ಅದಕ್ಕೆ ಟನ್ನಿನ ಲೆಕ್ಕದಲ್ಲಿ ಯಾವ ಸಂಖ್ಯೆ ಹಾಕುವುದು? ಹಾಕಲಿಲ್ಲ. ಬೆಲೆ ಕಟ್ಟಲಾಗದ ನಷ್ಟ ಎಂದು ಎರಡೂ ದೇಶಗಳಿಗೆ ಒಂದೊಂದು ಪುಟ ಬರೆದರು. ವರದಿಯ ಅತ್ಯುತ್ತಮ ಪುಟಗಳು ಅವೇ ಎಂದು ನನ್ನ ಅಭಿಪ್ರಾಯ.

ಒಪ್ಪಿಸಿದ ವರದಿ

ಕೊನೆಯ ವರದಿಯಲ್ಲಿ ಒಂದು ಉತ್ತರದ ಬದಲು ಮೂರಿದ್ದವು.

ಎರಡು ದೇಶಗಳ ಅದಿರಿನ ಇವತ್ತಿನ ಬೆಲೆ ಕೇಳಿದರೆ ಆಸ್ಟ್ರೇಲಿಯಾದ್ದು ನಾಲ್ಕರಿಂದ ಎಂಟು ಪಟ್ಟು, ಹಿಡಿದ ಊಹೆಗೆ ತಕ್ಕಂತೆ. ತಲೆಗೆ ಎಷ್ಟು ಎಂದು ಕೇಳಿದರೆ ಅಂತರ ಬೇರೆಯೇ: ಸುಮಾರು 2.7 ಕೋಟಿ ಜನರ ಆಸ್ಟ್ರೇಲಿಯಾದಲ್ಲಿ ಒಬ್ಬೊಬ್ಬರಿಗೆ ಸುಮಾರು 1,000 ಟನ್ ಕಬ್ಬಿಣ. 142 ಕೋಟಿ ಜನರ ಭಾರತದಲ್ಲಿ ಎರಡೂವರೆ ಟನ್ನೂ ಇಲ್ಲ. ಮೂರನೆಯದು, ಅದಿರು ಯಾತಕ್ಕೆ ಎಂಬ ಪ್ರಶ್ನೆ. ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 90 ಕೋಟಿ ಟನ್ ಹೊರಗೆ ಮಾರುತ್ತದೆ. ಅಲ್ಲಿ ಉಕ್ಕಿನ ಉತ್ಪಾದನೆ ತೀರಾ ಸಣ್ಣದು. ಭಾರತ 2023ರಲ್ಲಿ ಸುಮಾರು 14 ಕೋಟಿ ಟನ್ ಉಕ್ಕು ಮಾಡಿತು, ಅದಕ್ಕೆ ಬೇಕಾದ ಕೋಕಿಂಗ್ ಕಲ್ಲಿದ್ದಲನ್ನು ಹೆಚ್ಚಾಗಿ ಆಸ್ಟ್ರೇಲಿಯಾದಿಂದಲೇ ತರಿಸಿಕೊಂಡಿತು.

2017ರ ರಾಷ್ಟ್ರೀಯ ಉಕ್ಕು ನೀತಿ 2030–31ಕ್ಕೆ 25.5 ಕೋಟಿ ಟನ್ ಉಕ್ಕಿನ ಗುರಿ ಇಟ್ಟಿದೆ. ಟನ್ ಉಕ್ಕಿಗೆ 1.6 ಟನ್ ಅದಿರು ಎಂಬ ರೂಢಿಯ ಲೆಕ್ಕ ಹಿಡಿದರೆ ವರ್ಷಕ್ಕೆ 40 ಕೋಟಿ ಟನ್ ಅದಿರು ಬೇಕು. ರಿಸರ್ವ್ ಬೆಳೆಯದೆ ಹೀಗೇ ಇದ್ದರೆ 20 ವರ್ಷ ಅನ್ನುವುದು 14ರ ಹತ್ತಿರಕ್ಕೆ ಬರುತ್ತದೆ. ರಿಸೋರ್ಸನ್ನು ಕೊರೆದು ನೋಡಿ ರಿಸರ್ವ್ ಮಾಡುವ ಕೆಲಸ ನಡೆಯುತ್ತಲೇ ಇರುತ್ತದೆ, ಹಾಗಾಗಿ ಅದಿರು ಮುಗಿದೇ ಹೋಗುತ್ತದೆ ಎಂದು ಹೆದರಬೇಕಿಲ್ಲ. ಆದರೆ 50 ಲಕ್ಷ ಕೋಟಿ ಎಂಬ ಸಂಖ್ಯೆ ಈ ವಿಷಯವನ್ನು ಪೂರ್ತಿ ಮುಚ್ಚಿಟ್ಟಿತ್ತು. ಮಾರಿ ಹಣ ಮಾಡುವ ದೇಶಕ್ಕೆ ದರ ಬಿದ್ದರೆ ಕಷ್ಟ. ತಾನೇ ಬಳಸುವ ದೇಶಕ್ಕೆ ದರ ಏರಿದರೆ, ಗ್ರೇಡ್ ಇಳಿದರೆ ಕಷ್ಟ. ಇಬ್ಬರ ಚಿಂತೆಯೂ ಬೇರೆ.

ವಿಚಾರ ಸಂಕಿರಣದಲ್ಲಿ ಮಂಡಿಸಿದಾಗ ತೀರ್ಪುಗಾರರೊಬ್ಬರು ಒಂದೇ ಸಂಖ್ಯೆ ಹೇಳಿ ಎಂದು ಒತ್ತಾಯ ಮಾಡಿದರು. ಹುಡುಗಿ ನಾಲ್ಕರಿಂದ ಎಂಟು ಎಂದಳು, ಅದಕ್ಕಿಂತ ಕಿರಿದು ಮಾಡಲಿಲ್ಲ. ಬಹುಮಾನ ಬರಲಿಲ್ಲ. ಸ್ಪಷ್ಟ ತೀರ್ಮಾನವಿಲ್ಲ ಎಂಬ ಟಿಪ್ಪಣಿ ಬಂತು. ಅದೇ ಸಮಿತಿಯಲ್ಲಿದ್ದ ಭೂವಿಜ್ಞಾನದ ಅಧ್ಯಾಪಕರು ಮಾತ್ರ ಅವರ ಎಕ್ಸೆಲ್ ಹಾಳೆ ಕೇಳಿ ತೆಗೆದುಕೊಂಡರು. ಗ್ರೇಡ್, ದರ, ಕಡಿತ ಬದಲಿಸಿದರೆ ಉತ್ತರ ಬದಲಾಗುವ ಹಾಗೆ ಅದನ್ನು ಮಾಡಿದ್ದರು.

ಮಾರ್ಗದರ್ಶಕನಾಗಿ ನಾನು ಇದರಿಂದ ಒಂದು ಬದಲಾವಣೆ ಮಾಡಿಕೊಂಡೆ. ಖನಿಜ ಸಂಪತ್ತಿನ ಪ್ರಾಜೆಕ್ಟ್ ತೆಗೆದುಕೊಳ್ಳುವವರು ಸಂಖ್ಯೆ ಹುಡುಕುವ ಮೊದಲೇ ಒಂದು ಹಾಳೆ ತುಂಬಿ ಕೊಡಬೇಕು. ಯಾರಿಗೆ ಬೆಲೆ: ಕಂಪನಿಗೋ, ಸರ್ಕಾರಕ್ಕೋ, ಆ ಊರಿಗೋ? ಯಾವ ಅದಿರು ಎಣಿಕೆಗೆ ಬರುತ್ತದೆ, ಯಾವುದು ಬರುವುದಿಲ್ಲ? ದರ ಯಾವ ಜಾಗದ್ದು? ಎಷ್ಟು ವರ್ಷಕ್ಕೆ? ಯಾವ ನಷ್ಟ ಕಳೆದಿದ್ದೀರಿ? ಎರಡು ದೇಶಕ್ಕೂ ಉತ್ತರ ಒಂದೇ ಅಳತೆಯಲ್ಲಿ ಇರಬೇಕು.

ಮುಂದಿನ ತಂಡ ಬ್ರೆಜಿಲ್ ಮತ್ತು ಗಿನಿ ದೇಶಗಳನ್ನು ಆರಿಸಿಕೊಂಡಿತು. ಗಿನಿಯ ಸಿಮಾಂಡು ಬೆಟ್ಟದಲ್ಲಿ ಶೇ. 65ರ ಅದಿರು ಇದೆ ಎಂದು ದಶಕಗಳಿಂದ ಗೊತ್ತಿತ್ತು, ಆದರೆ ಕರಾವಳಿಗೆ 600 ಕಿಲೋಮೀಟರಿಗೂ ಉದ್ದದ ರೈಲು ಹಳಿ ಹಾಕಿ ಮುಗಿಯುವವರೆಗೆ ಒಂದು ಟನ್ನೂ ಹಡಗು ಹತ್ತಲಿಲ್ಲ. ಆ ತಂಡ ಹಾಳೆಯಲ್ಲಿ ಮೊದಲು ತುಂಬಿದ್ದು ರೈಲಿನ ಖರ್ಚಿನ ಕಾಲಂ. ಟನ್ನುಗಳ ಕಾಲಂ ಇನ್ನೂ ಖಾಲಿ ಇತ್ತು.